ಐವತ್ತೈದರಲ್ಲಿ ಒಂದು ಕುರ್ಚಿ: ನಮ್ಮ ವಾರ್ಡಿನ ಅಭ್ಯರ್ಥಿಯ ಕರಪತ್ರವನ್ನು ತೂಗಿ ನೋಡೋಣ

ಫರಸಿಕಲ್ಲು:

ಕಳೆದ ಭಾನುವಾರ ಸಂಜೆ ನಮ್ಮ ಓಣಿಯ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ನಿವೃತ್ತ ಶಿಕ್ಷಕಿಯೊಬ್ಬರು ಸುಮಾರು ಒಂದು ಗಂಟೆ ಮಾತನಾಡಿದರು. ಕಲಬುರಗಿ ಮಹಾನಗರ ಪಾಲಿಕೆಯ ಮುಂದಿನ ಚುನಾವಣೆಯಲ್ಲಿ ನಮ್ಮ ವಾರ್ಡಿನಿಂದ ಪಕ್ಷೇತರರಾಗಿ ನಿಲ್ಲಬೇಕೆಂಬುದು ಅವರ ಇಚ್ಛೆ. ಮೀಸಲಾತಿ ಪಟ್ಟಿ ಹೊರಬಿದ್ದಾಗ ವಾರ್ಡು ಯಾರ ಪಾಲಿಗೆ ಬರುತ್ತದೆಯೋ ಹೇಳಲಾಗದು. ಆದರೂ ಪಟ್ಟಿ ಬಂದ ಮೇಲೆ ಜನರ ಮನೆಗೆ ಓಡಿ ಬರುವವರಿಗಿಂತ, ಮೊದಲೇ ಬಂದು ಕಟ್ಟೆಯ ಮೇಲೆ ಕುಳಿತು ಪ್ರಶ್ನೆಗೆ ಸಿಕ್ಕವರನ್ನು ನಾನು ಗೌರವಿಸುತ್ತೇನೆ.

ಅವರು ಹಂಚಿದ ಎರಡು ಪುಟದ ಕರಪತ್ರದ ಸಾರ ಹೀಗಿದೆ: ಗೆದ್ದ ಆರು ತಿಂಗಳೊಳಗೆ ಪ್ರತಿ ಮನೆಯ ನಳಕ್ಕೂ ಹಗಲುರಾತ್ರಿ ನೀರು, ಐದು ವರ್ಷ ಆಸ್ತಿ ತೆರಿಗೆ ಏರದಂತೆ ತಡೆ, ಪಾಲಿಕೆಯ ಹಣ 55 ವಾರ್ಡುಗಳಿಗೂ ಸಮಪಾಲು, ಎಲ್ಲ ಓಣಿಗಳಿಗೆ ಸಿಮೆಂಟ್ ರಸ್ತೆ, ಬೀದಿನಾಯಿಗಳಿಂದ ಮುಕ್ತಿ, ಮತ್ತು ಪ್ರತಿ ತಿಂಗಳ ಮೊದಲ ಭಾನುವಾರ ವಾರ್ಡ್ ಸಭೆ.

ಇವುಗಳಲ್ಲಿ ಕೊನೆಯದೊಂದನ್ನು ಬಿಟ್ಟರೆ ಉಳಿದ ಯಾವುದೂ ಒಬ್ಬ ಸದಸ್ಯೆಯ ಕೈಯಲ್ಲಿ ಪೂರ್ಣವಾಗಿ ಇಲ್ಲ ಎಂಬುದು ನನ್ನ ಅನಿಸಿಕೆ. ಹಾಗೆಂದು ಸದಸ್ಯತ್ವ ಬರಿಯ ಅಲಂಕಾರವೆಂದು ನಾನು ಹೇಳುತ್ತಿಲ್ಲ. ಪಾಲಿಕೆಯ ಆಡಳಿತವನ್ನು ನಡೆಸುವವರು ಸರ್ಕಾರ ನೇಮಿಸಿದ ಆಯುಕ್ತರು; ಸದಸ್ಯರ ಬಲವಿರುವುದು ಆಯವ್ಯಯಕ್ಕೆ ಒಪ್ಪಿಗೆ ಕೊಡುವಲ್ಲಿ, ಸ್ಥಾಯಿ ಸಮಿತಿಗಳಲ್ಲಿ ಲೆಕ್ಕ ಕೇಳುವಲ್ಲಿ, ಸಭೆಯಲ್ಲಿ ನಿಂತು ಉತ್ತರ ಪಡೆಯುವಲ್ಲಿ. ಆದ್ದರಿಂದ ಏನು ತರುತ್ತೀರಿ ಎಂದು ಅಭ್ಯರ್ಥಿಯನ್ನು ಕೇಳುವ ಬದಲು, ಸಭೆಯಲ್ಲಿ ಏನನ್ನು ಕೇಳುತ್ತೀರಿ ಎಂದು ಕೇಳೋಣ. ಅವರೂ ಇಲ್ಲಿ ಓದುತ್ತಿದ್ದಾರೆ. ಮಾತು ಕಟುವಾಗದಿರಲಿ.

ಬೆಣ್ಣೆತೊರೆ:

ನೀರಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಆರು ತಿಂಗಳ ಮಾತನ್ನು ಓದಿ ನನಗೆ ನಗು ಬಂತು. ಆಮೇಲೆ ಬೇಸರವೂ ಆಯಿತು.

ಹಗಲುರಾತ್ರಿ ನೀರು ನಮ್ಮ ನಗರಕ್ಕೆ ಹೊಸ ಮಾತಲ್ಲ. ವಿಶ್ವಬ್ಯಾಂಕಿನ ಸಾಲದ ನೆರವಿನಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಮತ್ತು ಆಗಿನ ಗುಲ್ಬರ್ಗಾದಲ್ಲಿ ಮಾದರಿ ವಲಯಗಳನ್ನು ಗುರುತಿಸಿ, 2008ರ ಹೊತ್ತಿಗೆ ಆ ವಲಯಗಳಲ್ಲಿ ನಿರಂತರ ನೀರು ಹರಿಸಲಾಗಿತ್ತು. ನಮ್ಮ ಪಾಲಿಗೆ ಬಂದದ್ದು ಒಂದು ವಲಯ. ಅದೃಷ್ಟವಂತರ ಓಣಿಗಳಲ್ಲಿ ಸಿಂಟೆಕ್ಸ್ ತೊಟ್ಟಿಗಳು ಅನಾವಶ್ಯಕವಾದವು. ಉಳಿದ ನಾವು ನಳಕ್ಕೆ ನೀರು ಯಾವ ದಿನ, ಯಾವ ಹೊತ್ತಿಗೆ ಬಂದೀತೆಂದು ಕಾಯುತ್ತ ಉಳಿದೆವು. ಆ ಪ್ರಯೋಗವನ್ನು ಇಡೀ ನಗರಕ್ಕೆ ಹಬ್ಬಿಸುವ ಎರಡನೆಯ ಯೋಜನೆಯ ಉಸ್ತುವಾರಿ ರಾಜ್ಯದ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮದ್ದು. ಕೊಳವೆ ಹಾಕುವುದೂ ನೀರು ಹಂಚುವುದೂ ಗುತ್ತಿಗೆ ಪಡೆದ ಖಾಸಗಿ ನಿರ್ವಾಹಕರ ಕೆಲಸ. ಈ ಸರಪಳಿಯಲ್ಲಿ ವಾರ್ಡಿನ ಸದಸ್ಯೆಯ ಕೊಂಡಿ ಎಲ್ಲಿದೆ ಎಂಬುದನ್ನು ಕರಪತ್ರ ಹೇಳುವುದಿಲ್ಲ.

ಇನ್ನು ಮೂಲದ ಮಾತು. ನಗರ ಕುಡಿಯುವುದು ಸರಡಗಿಯ ಬಳಿ ಎತ್ತಿದ ಭೀಮೆಯ ನೀರನ್ನು, ಬೆಣ್ಣೆತೊರೆ ಜಲಾಶಯದ ನೀರನ್ನು. ಹಳೆಯ ಭೋಸಗಾ ಕೆರೆಯೂ ಈ ಕಥೆಯಲ್ಲಿದೆ. ಬೇಸಿಗೆಯಲ್ಲಿ ಭೀಮೆ ಬತ್ತಿದರೆ ಮೇಲಿನ ಸೊನ್ನ ಬ್ಯಾರೇಜಿನ ಕಡೆಗೂ, ಅದಕ್ಕೂ ಮೇಲೆ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನ ಕಡೆಗೂ ಮುಖ ಮಾಡಿ ನಿಲ್ಲುವ ಊರು ನಮ್ಮದು. ಉಜನಿಯ ಗೇಟಿನ ಕೀಲಿಕೈ ನಮ್ಮ ವಾರ್ಡಿನಲ್ಲಿಲ್ಲ.

ಆದರೂ ಸದಸ್ಯೆ ಮಾಡಬಹುದಾದ ಕೆಲಸವಿದೆ. ವಾರ್ಡಿನಲ್ಲಿ ಎಷ್ಟು ಮನೆಗಳಿಗೆ ಹೊಸ ಸಂಪರ್ಕ ಆಗಿದೆ, ಎಷ್ಟು ಮೀಟರುಗಳು ಓಡುತ್ತಿವೆ, ಅಗೆದ ರಸ್ತೆಯಲ್ಲಿ ಎಷ್ಟು ಮೀಟರ್ ಮತ್ತೆ ಮುಚ್ಚಲಾಗಿದೆ, ಯಾವ ಓಣಿಗೆ ಯಾವ ದಿನ ನೀರು ಬಿಡಲಾಗಿದೆ ಎಂಬ ನಾಲ್ಕು ಕಲಮಿನ ಪಟ್ಟಿಯನ್ನು ಪ್ರತಿ ಸಾಮಾನ್ಯ ಸಭೆಗೂ ಮುನ್ನ ಲಿಖಿತವಾಗಿ ಕೇಳಿ ಪಡೆದು, ಗುಡಿಯ ಗೋಡೆಗೂ ದರ್ಗಾದ ಗೋಡೆಗೂ ಹಚ್ಚಲಿ. ಆರು ತಿಂಗಳ ಭರವಸೆಗಿಂತ ಆ ಹಾಳೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಗಂಜಿನ ಅಡತಿ:

ನೀವಿಬ್ಬರೂ ಹೇಳುವುದು ಕಾಗದದ ಮೇಲೆ ಸರಿಯಾಗಿದೆ. ಆದರೆ ನಲವತ್ತು ವರ್ಷ ನೆಹರೂ ಗಂಜಿನಲ್ಲಿ ತೊಗರಿ ತೂಗಿದ ಅನುಭವದಿಂದ ಹೇಳುತ್ತೇನೆ, ಗಿರಾಕಿಗೆ ಬೇಕಾದದ್ದು ಕಾಳು, ತಕ್ಕಡಿಯ ತತ್ವವಲ್ಲ. ಗಟಾರು ತುಂಬಿದ ಮನೆಯವನ ಮುಂದೆ ನಿಂತು, ಇದು ನನ್ನ ಅಧಿಕಾರದ ವ್ಯಾಪ್ತಿಯಲ್ಲಿಲ್ಲ ಎಂದ ಸದಸ್ಯನನ್ನು ಜನ ಮತ್ತೊಮ್ಮೆ ಆರಿಸಿದ್ದನ್ನು ನಾನು ಕಂಡಿಲ್ಲ. ಕೈಯಲ್ಲಿಲ್ಲದ ಕೆಲಸವನ್ನೂ ಹತ್ತು ಬಾಗಿಲು ತಟ್ಟಿ ಮಾಡಿಸುವವನೇ ಜನರ ಕಣ್ಣಿಗೆ ಸದಸ್ಯ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಚೇರಿ ನಮ್ಮ ಊರಿನಲ್ಲೇ ಇದೆ. ಸಂವಿಧಾನದ 371(ಜೆ) ವಿಧಿಯ ಬಲದಿಂದ ಬಂದ ಮಂಡಳಿಯ ಹಣವಿದೆ, ಶಾಸಕರ ನಿಧಿಯಿದೆ, ಸಂಸದರ ನಿಧಿಯಿದೆ. ಅಲ್ಲಿಂದ ತಂದರೆ ಆಯಿತಲ್ಲ?

ಫರಸಿಕಲ್ಲು:

ತರಬಹುದು, ಆದರೆ ಆ ಹಣ ಯಾವ ರಸ್ತೆಗೆ ಎಂದು ನಿರ್ಧರಿಸುವವರು ಬೇರೆ, ಅದರ ಅಳತೆ ಬರೆಯುವವರು ಬೇರೆ, ಬಿಲ್ ಮಾಡುವವರು ಬೇರೆ. ಕೆಲಸ ಕೆಟ್ಟಾಗ ಸದಸ್ಯೆ ಲೆಕ್ಕ ಕೇಳಹೋದರೆ, ಅದು ನಮ್ಮ ಅನುದಾನವಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಬಾಗಿಲು ತಟ್ಟಿ ತಂದ ಹಣಕ್ಕೆ ತಟ್ಟಿದವರೇ ಕೃತಜ್ಞರಾಗಿ ಬಾಯಿ ಮುಚ್ಚಿಕೊಳ್ಳಬೇಕಾಗುತ್ತದೆ. ನಾನು ಹೆದರುವುದು ಅದಕ್ಕೆ.

ನಿವೃತ್ತ ಲೆಕ್ಕಿಗ:

ತೆರಿಗೆಯ ವಿಷಯದಲ್ಲಿ ಅಭ್ಯರ್ಥಿಗಳ ಮಾತು ಜನಪ್ರಿಯ, ಆದರೆ ತಪ್ಪು. ಆಸ್ತಿ ತೆರಿಗೆಯನ್ನು ಮಾರ್ಗಸೂಚಿ ಬೆಲೆಗೆ, ಅಂದರೆ ನೋಂದಣಿಗೆಂದು ಸರ್ಕಾರ ಗೊತ್ತುಮಾಡಿದ ಆಸ್ತಿಯ ಬೆಲೆಗೆ, ಜೋಡಿಸಿ, ವರ್ಷಕ್ಕೆ ಶೇ 3ರಿಂದ 5ರಷ್ಟು ಏರಿಸುತ್ತ ಹೋಗಬೇಕೆಂದು ರಾಜ್ಯವೇ ಕಾಯ್ದೆಗೆ ತಿದ್ದುಪಡಿ ತಂದಿದೆ. ಐದು ವರ್ಷ ಏರಿಸುವುದೇ ಇಲ್ಲ ಎಂದು ಒಂದು ಪಾಲಿಕೆಯ ಒಬ್ಬ ಸದಸ್ಯೆ ಹೇಳುವುದು, ರೈಲ್ವೆ ಟಿಕೆಟಿನ ದರ ಇಳಿಸುತ್ತೇನೆಂದು ಸ್ಟೇಷನ್ ಮಾಸ್ತರರು ಹೇಳಿದಂತೆ.

ಅದಕ್ಕಿಂತ ಮುಖ್ಯವಾಗಿ, ಪಾಲಿಕೆಗೆ ತನ್ನದೆಂದು ಹೇಳಿಕೊಳ್ಳಲು ಇರುವ ದೊಡ್ಡ ಆದಾಯ ಇದೊಂದೇ. ಹೊರಗಿನಿಂದ ಬರುವ ಹಣಕ್ಕೆ ಹಗ್ಗ ಕಟ್ಟಿರುತ್ತದೆ. ಹದಿನೈದನೆಯ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ನಮ್ಮಂತಹ ನಗರಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅಂಗನವಾಡಿಯ ಮುಂದಿನ ಮುರಿದ ಫರಸಿ ಕಲ್ಲನ್ನು ಬದಲಿಸಲು ಬೇಕಾದ ಹಣ ಸ್ವಂತ ತೆರಿಗೆಯಿಂದಲೇ ಬರಬೇಕು. ಸ್ವಂತ ತೆರಿಗೆ ಕುಗ್ಗಿದಷ್ಟೂ ಪಾಲಿಕೆ ಬೆಂಗಳೂರಿನ ಮುಖ ನೋಡುತ್ತದೆ. ಪಾಲಿಕೆ ಬೆಂಗಳೂರಿನ ಮುಖ ನೋಡಿದಷ್ಟೂ ಸದಸ್ಯೆಯ ಮಾತಿಗೆ ತೂಕ ಕಡಿಮೆ.

ನಿಮ್ಮ ರಸೀದಿಯನ್ನು ತೆಗೆದು ಒಮ್ಮೆ ನೋಡಿ. ತೆರಿಗೆ 3,000 ರೂಪಾಯಿ ಎಂದಿಟ್ಟುಕೊಂಡರೆ ಅದರ ಮೇಲೆ ಶೇ 6ರಂತೆ 180 ರೂಪಾಯಿ ಗ್ರಂಥಾಲಯ ಕರ, ಶೇ 3ರಂತೆ 90 ರೂಪಾಯಿ ಭಿಕ್ಷುಕರ ಕರ ಸೇರಿರುತ್ತವೆ. ಇವೆರಡೂ ಪಾಲಿಕೆಯ ಖರ್ಚಿಗಲ್ಲ. ವಸೂಲು ಮಾಡಿ ಸಂಬಂಧಪಟ್ಟವರಿಗೆ ಒಪ್ಪಿಸಬೇಕಾದ ಹಣ. ಏಪ್ರಿಲ್‌ನಲ್ಲಿ ಕಟ್ಟಿದವರಿಗೆ ಶೇ 5ರ ರಿಯಾಯಿತಿ, ಅಂದರೆ 150 ರೂಪಾಯಿ ಉಳಿತಾಯ. ನಮ್ಮ ಓಣಿಯಲ್ಲಿ ಆ ರಿಯಾಯಿತಿ ಪಡೆಯುವವರನ್ನು ಎಣಿಸಲು ಎರಡು ಕೈ ಬೆರಳು ಸಾಕು. ತೆರಿಗೆ ಏರಿಸುವುದಿಲ್ಲ ಎಂಬ ಮಾತಿನ ಬದಲು, ದೊಡ್ಡ ವಾಣಿಜ್ಯ ಕಟ್ಟಡಗಳು ಘೋಷಿಸಿಕೊಂಡ ವಿಸ್ತೀರ್ಣಕ್ಕೂ ನಿಜವಾದ ವಿಸ್ತೀರ್ಣಕ್ಕೂ ತಾಳೆ ಇದೆಯೇ ಎಂದು ಪರಿಶೀಲಿಸಲು ತೆರಿಗೆ ಸ್ಥಾಯಿ ಸಮಿತಿಯಲ್ಲಿ ಒತ್ತಾಯಿಸುತ್ತೇನೆ ಎಂದು ಬರೆದಿದ್ದರೆ ನಾನೇ ಹತ್ತು ಮನೆಗೆ ಕರಪತ್ರ ಹಂಚುತ್ತಿದ್ದೆ. ತೆರಿಗೆ ಸ್ವಯಂಘೋಷಣೆಯದಾದ್ದರಿಂದ ಸುಳ್ಳು ಹೇಳಿದವನಿಗೆ ಸಿಗುವ ಲಾಭವನ್ನು ನಿಜ ಹೇಳಿದವನು ಭರಿಸುತ್ತಾನೆ.

ಕೆಳಗಿನ ಓಣಿ:

ಸಮಪಾಲು ಎಂಬ ಮಾತಿಗೆ ಕಟ್ಟೆಯ ಮೇಲೆ ಜೋರಾಗಿ ಚಪ್ಪಾಳೆ ಬಿತ್ತಂತೆ. ನಾನು ಅಲ್ಲಿದ್ದರೆ ಚಪ್ಪಾಳೆ ತಟ್ಟುತ್ತಿರಲಿಲ್ಲ.

ನಮ್ಮ ಓಣಿ ತಗ್ಗಿನಲ್ಲಿದೆ. ಮೇಲಿನ ಮೂರು ಬಡಾವಣೆಗಳ ಮಳೆನೀರು, ಅದರೊಂದಿಗೆ ಅವರ ಪ್ಲಾಸ್ಟಿಕ್ಕು, ಅವರು ನಾಲಾಕ್ಕೆ ಬಿಟ್ಟ ಶೌಚದ ನೀರು ಎಲ್ಲವೂ ನಮ್ಮ ಹೊಸ್ತಿಲನ್ನು ದಾಟಿ ಮುಂದೆ ಹೋಗುತ್ತವೆ. ಸೆಪ್ಟೆಂಬರ್ ತಿಂಗಳಲ್ಲಿ ರಾತ್ರಿಯ ಮಳೆಗೆ ನಾವು ಗೋಧಿಯ ಚೀಲವನ್ನು ಮಂಚದ ಮೇಲೆ ಇಟ್ಟು ಮಲಗುವುದನ್ನು ರೂಢಿ ಮಾಡಿಕೊಂಡಿದ್ದೇವೆ. ಮೇಲಿನ ವಾರ್ಡಿಗೆ ಹತ್ತು ರೂಪಾಯಿ, ಕೆಳಗಿನ ವಾರ್ಡಿಗೂ ಹತ್ತು ರೂಪಾಯಿ ಎಂದರೆ ಅವರು ಆ ಹಣದಲ್ಲಿ ಉದ್ಯಾನದ ಬೇಲಿಗೆ ಬಣ್ಣ ಹಚ್ಚುತ್ತಾರೆ, ನಾವು ಅವರ ನೀರನ್ನು ಹೊರಹಾಕುತ್ತೇವೆ. ಇದನ್ನು ಸಮಾನತೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಮಳೆನೀರಿಗೆ ವಾರ್ಡಿನ ಗಡಿ ಗೊತ್ತಿಲ್ಲ. ನಾಲಾ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆಯೋ ಅಷ್ಟನ್ನೂ ಒಂದೇ ಕೆಲಸವೆಂದು ಹಿಡಿಯಬೇಕು.

ಎರಡನೆಯ ಮಾತು ಕಾನೂನಿನದು. ನಗರ ಸ್ಥಳೀಯ ಸಂಸ್ಥೆಗಳ ಸ್ವಂತ ಆದಾಯದಲ್ಲಿ ಶೇ 24.10ರಷ್ಟು ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಏಳಿಗೆಗೆ, ಶೇ 7.25ರಷ್ಟು ಇತರ ಬಡವರಿಗೆ, ಶೇ 5ರಷ್ಟು ಅಂಗವಿಕಲರಿಗೆ ಎತ್ತಿಡಬೇಕು. ನೂರು ರೂಪಾಯಿಯಲ್ಲಿ 36 ರೂಪಾಯಿ 35 ಪೈಸೆ ಸಮಪಾಲಿನ ಹೊರಗೆ ಹೋಯಿತು. ಉಳಿದದ್ದರಲ್ಲಿ ಸಂಬಳ, ಬೀದಿದೀಪಕ್ಕೆ ವಿದ್ಯುತ್ ಕಂಪನಿ ಜೆಸ್ಕಾಂನ ಬಿಲ್ಲು ಕಳೆದರೆ 55ರಿಂದ ಭಾಗಿಸಲು ಏನು ಮಿಗುತ್ತದೆ ಎಂಬುದನ್ನು ಲೆಕ್ಕಿಗರು ಹೇಳಲಿ. ನಮ್ಮ ಮಕ್ಕಳ ಲ್ಯಾಪ್‌ಟಾಪಿನ ಹಣ, ತ್ರಿಚಕ್ರ ವಾಹನದ ಹಣ ಆ 36 ರೂಪಾಯಿಯಲ್ಲಿದೆ. ಸಮಪಾಲಿನ ಮಾತನಾಡುವವರು ಅದನ್ನು ಮುಟ್ಟುವುದಿಲ್ಲವೆಂದು ಕರಪತ್ರದಲ್ಲೇ ಬರೆಯಬೇಕು. ಬಾಯಿಮಾತು ಬೇಡ.

ಅಭ್ಯರ್ಥಿ:

ಎಲ್ಲವನ್ನೂ ಎರಡು ಸಲ ಓದಿದೆ. ಶಾಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದವಳ ಪತ್ರಿಕೆಯನ್ನು ಊರು ತಿದ್ದುತ್ತಿದೆ, ಅಭ್ಯಂತರವಿಲ್ಲ.

ನೀರಿನ ಬಗ್ಗೆ ಆರು ತಿಂಗಳೆಂದು ಬರೆದದ್ದು ತಪ್ಪು. ಆ ಸಾಲನ್ನು ತೆಗೆಯುತ್ತೇನೆ. ನಾಲ್ಕು ಕಲಮಿನ ಪಟ್ಟಿಯ ಸಲಹೆಯನ್ನು ಒಪ್ಪಿಕೊಂಡು, ಐದನೆಯ ಕಲಮಾಗಿ ಕೊಳೆನೀರು ಬೆರೆತ ದೂರುಗಳ ಸಂಖ್ಯೆಯನ್ನು ಸೇರಿಸುತ್ತೇನೆ. ಹಳೆಯ ಊರಿನ ಓಣಿಗಳಲ್ಲಿ ನೀರಿನ ಕೊಳವೆಯೂ ಒಳಚರಂಡಿಯೂ ಒಂದರ ಮಗ್ಗುಲಲ್ಲಿ ಒಂದು ಮಲಗಿವೆ; ನಳ ಬಂದ ಮೊದಲ ಹತ್ತು ನಿಮಿಷದ ನೀರಿನ ವಾಸನೆ ಬಲ್ಲ ಹೆಂಗಸರು ಇದನ್ನೇ ಮೊದಲು ಕೇಳಿದರು.

ತೆರಿಗೆಯ ವಿಷಯದಲ್ಲಿ ಲೆಕ್ಕಿಗರ ವಾದ ನನ್ನನ್ನು ಸೋಲಿಸಿದೆ. ಆದರೆ ಒಂದು ಮಾತು: ವಿಧವೆಯರು ಮತ್ತು ಪಿಂಚಣಿಯಷ್ಟೇ ಆಧಾರವಾಗಿರುವ ಮುದುಕರು ಎರಡು ಮೂರು ವರ್ಷದ ಬಾಕಿ ಮತ್ತು ದಂಡದಡಿ ಸಿಕ್ಕಿ ಒದ್ದಾಡುವುದನ್ನು ನಾನು ಕಂಡಿದ್ದೇನೆ. ಏರಿಕೆ ತಡೆಯಲಾರೆ, ಬಾಕಿಯನ್ನು ಕಂತಿನಲ್ಲಿ ಕಟ್ಟಲು ಅವಕಾಶ ಕೊಡಬೇಕೆಂದು ಸಭೆಯಲ್ಲಿ ಠರಾವು ಮಂಡಿಸಬಲ್ಲೆ, ಅದನ್ನು ಸರ್ಕಾರಕ್ಕೆ ಕಳಿಸುವಂತೆ ಒತ್ತಾಯಿಸಬಲ್ಲೆ.

ಸಮಪಾಲಿನ ಬಗ್ಗೆ ಮಾತ್ರ ನಾನು ಪೂರ್ತಿ ಹಿಂದೆ ಸರಿಯುವುದಿಲ್ಲ. ಕೆಳಗಿನ ಓಣಿಯವರು ಹೇಳಿದ್ದು ನ್ಯಾಯ. ಮೀಸಲಿಟ್ಟ ಹಣವನ್ನು ಯಾರೂ ಮುಟ್ಟಬಾರದು, ಮುಟ್ಟುವುದಿಲ್ಲ ಎಂದು ಹೊಸ ಕರಪತ್ರದಲ್ಲಿ ಬರೆಯುತ್ತೇನೆ. ಆದರೆ ಅಗತ್ಯಕ್ಕೆ ತಕ್ಕಂತೆ ಹಂಚಬೇಕು ಎಂಬ ಮಾತಿನ ಮರೆಯಲ್ಲಿ, ಬಲವಿದ್ದ ಸದಸ್ಯರ ವಾರ್ಡಿಗೆ ಹರಿದ ಹಣಕ್ಕೆ ಅಗತ್ಯವೆಂದೇ ಹೆಸರು ಕೊಡಲಾಗುತ್ತದೆ. ಅಗತ್ಯವನ್ನು ಅಳೆಯುವ ಗಜಕಡ್ಡಿ ಯಾರ ಕೈಯಲ್ಲಿದೆ? ಅದು ಎಲ್ಲರಿಗೂ ಕಾಣುವಂತಿದ್ದರೆ ಸಮಪಾಲನ್ನು ನಾನೇ ಕೈಬಿಡುತ್ತೇನೆ.

ಕೆಳಗಿನ ಓಣಿ:

ಗಜಕಡ್ಡಿಯ ಪ್ರಶ್ನೆ ಸರಿಯಾಗಿದೆ. ನಮ್ಮದು ಇಷ್ಟು: ಪ್ರತಿ ವಾರ್ಡಿನ ಜನಸಂಖ್ಯೆ, ನೀರು ನುಗ್ಗಿದ ಮನೆಗಳ ಎಣಿಕೆ, ಒಳಚರಂಡಿ ಇಲ್ಲದ ಓಣಿಗಳ ಉದ್ದ. ಈ ಮೂರನ್ನು ಆಯವ್ಯಯದ ಪುಸ್ತಕದ ಕೊನೆಯಲ್ಲಿ ಅಚ್ಚು ಹಾಕಲಿ. ಆಮೇಲೆ ಜಗಳವಾಡೋಣ.

ರಿಂಗ್ ರಸ್ತೆಯಾಚೆ:

ಹಳೆಯ ಊರಿನವರ ಜಗಳದಲ್ಲಿ ನಮ್ಮನ್ನು ಮರೆಯಬೇಡಿ. ನಾವು ರಿಂಗ್ ರಸ್ತೆಯ ಹೊರಗೆ ನಿವೇಶನ ಕೊಂಡವರು. ಬಡಾವಣೆ ಮಾಡಿದವರು ನಕ್ಷೆಯಲ್ಲಿ ಉದ್ಯಾನ ತೋರಿಸಿ, ಮಾರಾಟ ಮುಗಿದ ಮೇಲೆ ಕಾಣೆಯಾದರು. ನಗರಾಭಿವೃದ್ಧಿ ಪ್ರಾಧಿಕಾರದಿಂದ ಅನುಮೋದನೆಗೊಂಡ ಬಡಾವಣೆಯಾದರೆ, ರಸ್ತೆ ಚರಂಡಿ ಮುಗಿಸಿ ಪಾಲಿಕೆಗೆ ಹಸ್ತಾಂತರಿಸುವವರೆಗೆ ಬೀದಿದೀಪದ ಬಲ್ಬು ಬದಲಿಸುವವರು ಯಾರೆಂಬುದೇ ತಿಳಿಯುವುದಿಲ್ಲ. ಅನುಮೋದನೆಯಿಲ್ಲದ ಬಡಾವಣೆಯಾದರೆ ಅಷ್ಟೂ ಇಲ್ಲ. ಒಂದು ಕಚೇರಿಯವರು ಇನ್ನೊಂದನ್ನು ತೋರಿಸಿದರು, ಇನ್ನೊಂದರವರು ಮೊದಲನೆಯದನ್ನು; ಮೂರು ಬೇಸಿಗೆಗಳು ಹೀಗೆ ಕಳೆದವು.

ಅನುಮೋದನೆಯಿಲ್ಲದ ಬಡಾವಣೆಯ ಆಸ್ತಿಗೂ ತೆರಿಗೆ ದಾಖಲೆ ಕೊಡುವ, 2025ರಲ್ಲಿ ನಡೆದ ಬಿ-ಖಾತಾ ಅಭಿಯಾನದಿಂದ ನನ್ನಂತಹವರಿಗೆ ಕನಿಷ್ಠ ಒಂದು ಕಾಗದ ಸಿಕ್ಕಿತು, ಮೊದಲ ವರ್ಷ ದುಪ್ಪಟ್ಟು ತೆರಿಗೆಯನ್ನೂ ಕಟ್ಟಿದೆವು. ತೆರಿಗೆ ಕಟ್ಟಿದ ಮಾತ್ರಕ್ಕೆ ಬಡಾವಣೆ ಸಕ್ರಮವಾಗುವುದಿಲ್ಲವೆಂದು ಬಲ್ಲೆ. ಅಭ್ಯರ್ಥಿಗೆ ನನ್ನ ಪ್ರಶ್ನೆ ಒಂದೇ: ನಮ್ಮಿಂದ ಬಂದ ತೆರಿಗೆ ಎಷ್ಟು, ನಮ್ಮ ಭಾಗಕ್ಕೆ ಖರ್ಚಾದದ್ದು ಎಷ್ಟು ಎಂದು ಬೇರೆಯಾಗಿ ತೋರಿಸಲು ಕೇಳುವಿರಾ?

ಪೌರಕಾರ್ಮಿಕರ ಮಗ:

ಕರಪತ್ರದಲ್ಲಿ ಕಸದ ಮಾತೇ ಇಲ್ಲದಿರುವುದು ನನಗೆ ಆಶ್ಚರ್ಯ. ಏಳುನೂರು ಜನರಿಗೆ ಒಬ್ಬ ಪೌರಕಾರ್ಮಿಕ ಎಂಬುದು ಸರ್ಕಾರದ ಮಾನದಂಡ. 2011ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಐದು ಲಕ್ಷ ಮೂವತ್ತು ಸಾವಿರ ದಾಟಿತ್ತು. 55ರಿಂದ ಭಾಗಿಸಿದರೆ ವಾರ್ಡಿಗೆ ಹೆಚ್ಚುಕಡಿಮೆ ಒಂಬತ್ತೂವರೆ ಸಾವಿರ ಜನ. ಅಂದರೆ ಆಗಿನ ಲೆಕ್ಕದಲ್ಲೇ ಹದಿಮೂರು ಹದಿನಾಲ್ಕು ಜನ ಪೌರಕಾರ್ಮಿಕರು ಬೇಕು. ನಮ್ಮ ಓಣಿಗಳಲ್ಲಿ ಬೆಳಗ್ಗೆ ಎಷ್ಟು ಜನ ಕಾಣುತ್ತಾರೆ ಎಂಬುದನ್ನು ನಿಮ್ಮ ಕಿಟಕಿಯಿಂದಲೇ ಎಣಿಸಿ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಬೇಕೆಂದು 2016ರ ನಿಯಮ ಹೇಳಿತು. ಬೇರೆ ಮಾಡದ ಕಸವನ್ನು ಉದನೂರಿನ ಗುಡ್ಡೆಯ ಮೇಲೆ ಬೇರೆ ಮಾಡುವ ಕೈ ಯಾರದೆಂದು ಯಾರೂ ಕೇಳುವುದಿಲ್ಲ. ಮೇ ತಿಂಗಳಲ್ಲಿ ನಮ್ಮ ಊರಿನ ಬಿಸಿಲು ಎಂಥದೆಂದು ನಿಮಗೆ ತಿಳಿದಿದೆ. ಕೆಲಸದ ಹೊತ್ತನ್ನು ಬೆಳಗಿನ ತಂಪಿಗೆ ಹೊಂದಿಸುವುದು, ಮುಸ್ಟರ್ (ಹಾಜರಿ) ಬರೆಯುವ ಜಾಗದಲ್ಲಿ ನೆರಳು ಮತ್ತು ಕುಡಿಯುವ ನೀರು ಇಡುವುದು ಸದಸ್ಯೆಯ ಒಂದು ಪತ್ರದಿಂದ ಆಗುವ ಕೆಲಸ.

ನಾಯಿಗಳ ಬಗ್ಗೆ ಒಂದೇ ಮಾತು: 2023ರ ನಿಯಮದ ಪ್ರಕಾರ ಹಿಡಿದು ಸಂತಾನಹರಣ ಮಾಡಿ ಲಸಿಕೆ ಹಾಕಬೇಕು, ಊರಾಚೆ ಬಿಟ್ಟುಬರುವುದಕ್ಕೆ ಅದರಲ್ಲಿ ಜಾಗವಿಲ್ಲ. ಮುಕ್ತಿ ಎಂಬ ಪದವನ್ನು ಅಳಿಸಿಬಿಡಿ.

ಎರೆಮಣ್ಣು:

ನಾನು ಮೂವತ್ತು ವರ್ಷ ರಸ್ತೆ ಕೆಲಸದ ಮೇಲ್ವಿಚಾರಣೆ ಮಾಡಿ ನಿವೃತ್ತನಾದವನು. ಎಲ್ಲ ಓಣಿಗೂ ಸಿಮೆಂಟ್ ರಸ್ತೆ ಎಂಬ ಭರವಸೆ ಕರಪತ್ರದಲ್ಲಿ ಅತ್ಯಂತ ಸುಲಭವಾಗಿ ಈಡೇರುವಂಥದ್ದು, ಮತ್ತು ಅತ್ಯಂತ ಅಪಾಯದ್ದು.

ನಮ್ಮ ನೆಲ ಎರೆಮಣ್ಣಿನದು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಅಂಗೈ ಹೋಗುವಷ್ಟು ಬಿರುಕು ಬಿಡುತ್ತದೆ. ಹೊಲದಲ್ಲಿ ತೊಗರಿಗೆ ಇದು ವರ, ರಸ್ತೆಗೆ ಶಾಪ. ಎರೆಯನ್ನು ಸಾಕಷ್ಟು ಆಳಕ್ಕೆ ತೆಗೆದು, ಗರಸು ತುಂಬಿ, ಪದರ ಪದರವಾಗಿ ನೀರು ಹೊಡೆದು ರೋಲರ್ ಆಡಿಸದೆ ಮೇಲೆ ಕಾಂಕ್ರೀಟ್ ಸುರಿದರೆ ಎರಡನೆಯ ಮಳೆಗಾಲಕ್ಕೆ ಚಪ್ಪಡಿ ಮಧ್ಯದಲ್ಲಿ ಸೀಳುತ್ತದೆ. ಕಾಂಕ್ರೀಟಿಗೆ ದಿನಗಟ್ಟಲೆ ನೀರು ಕಟ್ಟಿ ನಿಲ್ಲಿಸಬೇಕು. ಕುಡಿಯಲು ನೀರಿಲ್ಲದ ಬೇಸಿಗೆಯಲ್ಲಿ ಸುರಿದ ರಸ್ತೆಗೆ ಯಾರು ನೀರು ಕಟ್ಟುತ್ತಾರೆ? ಮಾರ್ಚ್ ಅಂತ್ಯಕ್ಕೆ ಅನುದಾನ ಮುಗಿಸುವ ಅವಸರದಲ್ಲಿ ನಮ್ಮ ಊರಿನ ಹೆಚ್ಚಿನ ಓಣಿ ರಸ್ತೆಗಳು ಸರಿಯಾಗಿ ಆ ಬಿಸಿಲಿನಲ್ಲೇ ಹುಟ್ಟುತ್ತವೆ.

ಅದಕ್ಕಿಂತ ದೊಡ್ಡ ತಪ್ಪು ಕ್ರಮದ್ದು. ಮೊದಲು ಒಳಚರಂಡಿ, ಆಮೇಲೆ ನೀರಿನ ಕೊಳವೆ, ಆಮೇಲೆ ಮನೆಮನೆಯ ಸಂಪರ್ಕ, ಎಲ್ಲ ಮುಗಿದ ಮೇಲೆ ರಸ್ತೆ. ಇದು ಹಳ್ಳಿಯ ಗೌಂಡಿಗೂ ಗೊತ್ತಿರುವ ಕ್ರಮ. ನನ್ನ ಮನೆಯ ಮುಂದೆ ಹೊಸ ಸಿಮೆಂಟ್ ರಸ್ತೆ ಆದ ಐದನೆಯ ತಿಂಗಳಿಗೆ ಕೊಳವೆಗಾಗಿ ನಡುವೆ ಸೀಳಿದರು. ಸೀಳಿದ ಗಟಾರಿನಂಥ ಗೆರೆಯನ್ನು ಅಗೆದ ಎರೆಮಣ್ಣಿನಿಂದಲೇ ಮುಚ್ಚಿ, ಮೇಲೆ ಎರಡು ಬುಟ್ಟಿ ಕಾಂಕ್ರೀಟ್ ಉಜ್ಜಿ ಹೋದರು. ಆ ಗೆರೆ ಈಗ ಮಳೆಗಾಲದಲ್ಲಿ ಸಣ್ಣ ಕಾಲುವೆ. ಇನ್ನೊಂದು ಓಣಿಯಲ್ಲಿ ಹಳೆಯ ರಸ್ತೆಯನ್ನು ಅಗೆಯದೆ ಅದರ ಮೇಲೆಯೇ ಮತ್ತೊಂದು ಪದರ ಹಾಕುತ್ತ ಬಂದು, ಮೂರು ಮೆಟ್ಟಿಲು ಏರಿ ಹೋಗುತ್ತಿದ್ದ ಮನೆಗಳಿಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕಾಗಿದೆ. ಮಳೆನೀರು ಯಾವ ಕಡೆ ಹೋಗುತ್ತದೆಂದು ಕೇಳಬೇಡಿ. ಹಿಂದಿನವರು ಹಾಸಿದ ಶಹಾಬಾದ್ ಕಲ್ಲಿನ ಓಣಿಗಳಲ್ಲಿ ಕಲ್ಲೆತ್ತಿ, ಕೆಲಸ ಮುಗಿಸಿ, ಮತ್ತೆ ಅದೇ ಕಲ್ಲನ್ನು ಕೂಡಿಸಬಹುದಾಗಿತ್ತು. ಕಿರಿದಾದ ಓಣಿಗಳಿಗೆ ಅದೇ ಈಗಲೂ ಮೇಲೆಂದು ನನ್ನ ಅಭಿಪ್ರಾಯ, ನಗುವವರು ನಗಲಿ.

ಅಭ್ಯರ್ಥಿ ಎರಡು ಕಾಗದಗಳ ಹೆಸರನ್ನು ಕಲಿತರೆ ಸಾಕು: ಅಂದಾಜು ಪಟ್ಟಿ ಮತ್ತು ಅಳತೆ ಪುಸ್ತಕ. ಎಷ್ಟು ದಪ್ಪ ಹಾಕಬೇಕಿತ್ತು ಎಂದು ಮೊದಲನೆಯದು ಹೇಳುತ್ತದೆ, ಎಷ್ಟು ಹಾಕಿದ್ದೇವೆಂದು ಬರೆದು ಹಣ ಪಡೆದದ್ದನ್ನು ಎರಡನೆಯದು ಹೇಳುತ್ತದೆ. ರಸ್ತೆಯ ಅಂಚಿನಲ್ಲಿ ಸ್ಕೇಲು ಹಿಡಿದರೆ ಮೂರನೆಯ ಉತ್ತರ ಸಿಗುತ್ತದೆ. ದೋಷ ಹೊಣೆಗಾರಿಕೆಯ ಅವಧಿ, ಅಂದರೆ ಕೆಟ್ಟದ್ದನ್ನು ಗುತ್ತಿಗೆದಾರರೇ ಸರಿಪಡಿಸಿಕೊಡಬೇಕಾದ ಅವಧಿ, ಮುಗಿಯುವ ಮುನ್ನ ಈ ಮೂರನ್ನೂ ಮೇಜಿನ ಮೇಲೆ ಇಡುವ ಸದಸ್ಯೆ ಒಬ್ಬರಿದ್ದರೆ ಗುತ್ತಿಗೆದಾರರು ತಾವಾಗಿಯೇ ರೋಲರ್ ತರುತ್ತಾರೆ.

ಗಂಜಿನ ಅಡತಿ:

ತಕ್ಕಡಿಯ ಮಾತನ್ನು ನಾನು ಹಿಂತೆಗೆದುಕೊಳ್ಳುವಂತಾಯಿತು. ತೂಕದಲ್ಲಿ ಮೋಸವಿದ್ದರೆ ಕಾಳಿನ ಮಾತು ವ್ಯರ್ಥವೇ. ಆದರೆ ಪಕ್ಷೇತರರಾಗಿ ನಿಲ್ಲುವುದರ ಬಗ್ಗೆ ಯಾರೂ ಕೇಳಲಿಲ್ಲ. 2021ರ ಸೆಪ್ಟೆಂಬರ್ ಚುನಾವಣೆಯಲ್ಲಿ 55ರಲ್ಲಿ ಕಾಂಗ್ರೆಸ್ಸಿಗೆ 27, ಬಿಜೆಪಿಗೆ 23, ಜೆಡಿಎಸ್‌ಗೆ 4, ಪಕ್ಷೇತರರಿಗೆ 1 ಸ್ಥಾನ ಬಂದಿದ್ದವು. ಮೊದಲ ಪಕ್ಷಕ್ಕೆ ಬಹುಮತಕ್ಕೆ ಒಂದೇ ಕುರ್ಚಿ ಕಡಿಮೆ. ಮೇಯರ್ ಆಯ್ಕೆ ನಡೆದದ್ದು ಒಂದೂವರೆ ವರ್ಷದ ಬಳಿಕ, 2023ರ ಮಾರ್ಚ್‌ನಲ್ಲಿ. ಆಗ ಸ್ಥಾನ ಸಿಕ್ಕಿದ್ದು ಹೆಚ್ಚು ವಾರ್ಡು ಗೆದ್ದ ಪಕ್ಷಕ್ಕಲ್ಲ, ಎರಡನೆಯ ಪಕ್ಷಕ್ಕೆ. ಶಾಸಕರು, ಸಂಸದರು, ಪರಿಷತ್ ಸದಸ್ಯರೂ ಅಲ್ಲಿ ಮತ ಹಾಕುತ್ತಾರೆ. ಅಂತಹ ತಕ್ಕಡಿಯಲ್ಲಿ ಒಂದು ಪಕ್ಷೇತರ ಮತಕ್ಕೆ ಎಷ್ಟು ಬೆಲೆ ಬರುತ್ತದೆಂದು ವ್ಯಾಪಾರಿಯಾದ ನಾನು ಬಲ್ಲೆ. ಪಕ್ಷದವರಿಗೆ ವಿಪ್ ಇದೆ, 1987ರ ಪಕ್ಷಾಂತರ ನಿಷೇಧ ಕಾಯ್ದೆಯಿದೆ. ನಿಮ್ಮ ಮತಕ್ಕೆ ಕಟ್ಟೇನು?

ಅಪ್ಪನ ಕೆರೆ:

ನನ್ನದೂ ಒಂದು ಪ್ರಶ್ನೆ, ಹೆಂಗಸಾಗಿ. ಪಾಲಿಕೆಯಲ್ಲಿ ಅರ್ಧದಷ್ಟು ಸ್ಥಾನಗಳು ನಮಗೆ ಮೀಸಲು. ಆದರೆ ಆಯ್ಕೆಯಾದ ಅಕ್ಕನನ್ನು ಹುಡುಕಿಕೊಂಡು ಹೋದರೆ ಅಂಗಳದಲ್ಲಿ ಕುಳಿತ ಅಣ್ಣ ಅರ್ಜಿ ಇಸಿದುಕೊಳ್ಳುವುದನ್ನು ಯಾವ ಊರಿನಲ್ಲಿ ನೋಡಿಲ್ಲ? ನಿಮ್ಮ ಸಭೆಯಲ್ಲಿಯೂ ಪ್ರಶ್ನೆಗಳಿಗೆ ನಡುನಡುವೆ ನಿಮ್ಮ ಯಜಮಾನರು ಉತ್ತರ ಕೊಟ್ಟರು. ಎರಡು ಸಲ ಎಣಿಸಿದೆ.

ಅಭ್ಯರ್ಥಿ:

ಮೂರು ಸಲ. ಮನೆಗೆ ಹೋದ ಮೇಲೆ ನಾನೂ ಹೇಳಿದೆ. ಇನ್ನು ಮುಂದೆ ಅವರು ಸಭೆಗೆ ಬರುವುದಾದರೆ ಕೇಳುಗರ ಸಾಲಿನಲ್ಲಿ ಕೂಡುತ್ತಾರೆ, ದೂರವಾಣಿಯೂ ನನ್ನ ಕೈಯಲ್ಲೇ ಇರುತ್ತದೆ.

ಮೇಯರ್ ಮತದ ಬಗ್ಗೆ: ಯಾರಿಗೆ ಮತ ಹಾಕಬೇಕೆಂಬುದನ್ನು ಈಗಲೇ ಹೇಳಲಾರೆ. ಹಾಕುವ ಮುನ್ನ ವಾರ್ಡ್ ಸಮಿತಿಯ ಮುಂದೆ ಕಾರಣ ಹೇಳಿ, ಹಾಕಿದ ಮೇಲೆ ಅದೇ ಸಮಿತಿಯ ಮುಂದೆ ಬಂದು ಕೂಡುತ್ತೇನೆ. ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನವೇ 243ಎಸ್ ವಿಧಿಯಲ್ಲಿ ಹೇಳಿದೆ. ನಮ್ಮ ರಾಜ್ಯದ ಕಾಯ್ದೆಯಂತೆ ಸದಸ್ಯರ ಜೊತೆಗೆ ಹತ್ತು ಜನ, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟರು, ಇಬ್ಬರು ನಿವಾಸಿಗಳ ಸಂಘದವರು. ಆ ಹತ್ತು ಜನರಲ್ಲಿ ನನ್ನ ಬಂಧುಗಳು ಇರುವುದಿಲ್ಲ. ರಿಂಗ್ ರಸ್ತೆಯಾಚೆಯವರ ಲೆಕ್ಕವನ್ನೂ ಕೆಳಗಿನ ಓಣಿಯವರ ಮೂರು ಅಂಕಿಗಳನ್ನೂ ಕೇಳುತ್ತೇನೆ. ಕಸದ ವಿಷಯ ಬಿಟ್ಟದ್ದಕ್ಕೆ ಕ್ಷಮೆಯಿರಲಿ. ಅದು ಮರೆವಲ್ಲ, ಅಜ್ಞಾನ. ಈ ವಾರ ಬೆಳಗ್ಗೆ ಆರಕ್ಕೆ ಮುಸ್ಟರ್ ಬರೆಯುವ ಜಾಗಕ್ಕೆ ಹೋಗುತ್ತೇನೆ, ಪೌರಕಾರ್ಮಿಕರ ಮಗ ಜೊತೆಗಿದ್ದರೆ ಒಳ್ಳೆಯದು.

ನಿವೃತ್ತ ಲೆಕ್ಕಿಗ:

ಗೆಲ್ಲುವವರೆಗೆ ಕಾಯಬೇಕಾಗಿಲ್ಲ. ಅಂದಾಜು ಪಟ್ಟಿ ಮತ್ತು ಅಳತೆ ಪುಸ್ತಕದ ನಕಲನ್ನು ಯಾವ ನಾಗರಿಕನೂ ಕೇಳಬಹುದು. ನಮ್ಮ ರಾಜ್ಯದ ನಿಯಮದಂತೆ ಮಾಹಿತಿ ಹಕ್ಕಿನ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. ನೀರು, ರಸ್ತೆ, ಕಸ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ತಿರಸ್ಕರಿಸಲು ನಾವೇ ಕಾರಣ ಕೊಟ್ಟಂತೆ.

ಫರಸಿಕಲ್ಲು:

ಹಾಗಾದರೆ ಮೊದಲ ಅರ್ಜಿ ಎರೆಮಣ್ಣಿನವರ ಓಣಿಯದೇ ಆಗಲಿ. ಕರಡು ಇಲ್ಲಿದೆ:

"ನಮ್ಮ ವಾರ್ಡಿನ ವ್ಯಾಪ್ತಿಯಲ್ಲಿ ಹನುಮಪ್ಪನ ಗುಡಿಯಿಂದ ನಾಲಾದವರೆಗಿನ ಸಿಮೆಂಟ್ ರಸ್ತೆ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಗುಣಮಟ್ಟ ಪರೀಕ್ಷೆಯ ವರದಿ, ಹಣ ಪಾವತಿಯ ವಿವರ, ದೋಷ ಹೊಣೆಗಾರಿಕೆಯ ಅವಧಿ ಮುಗಿಯುವ ದಿನಾಂಕ, ಹಾಗೂ ಅದೇ ರಸ್ತೆಯನ್ನು ಕೊಳವೆಗಾಗಿ ಅಗೆಯಲು ನೀಡಿದ ಅನುಮತಿ ಪತ್ರ ಮತ್ತು ಪುನರ್‌ನಿರ್ಮಾಣದ ಷರತ್ತುಗಳ ದೃಢೀಕೃತ ನಕಲುಗಳನ್ನು ಒದಗಿಸುವುದು."

ಲೆಕ್ಕಿಗರು ಪದಗಳನ್ನು ಎಣಿಸಲಿ, ಎರೆಮಣ್ಣಿನವರು ಬಿಟ್ಟುಹೋದ ಕಾಗದವಿದ್ದರೆ ಸೇರಿಸಲಿ. ಸೋಮವಾರ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ನಾನೇ ಕೊಟ್ಟು ಸ್ವೀಕೃತಿ ಪಡೆದು ಬರುತ್ತೇನೆ.